ಪಟ್ಟಿಯಲ್ಲಿ ಹೆಸರಿಲ್ಲದ ಹುಡುಗನಿಗೆ ಏನು ಹೇಳಬೇಕು?

ಮಳೆಗಾಲ ಶುರುವಾಗಿ ಶಾಲೆಗಳು ಒಂದು ಹದಕ್ಕೆ ಬರುವಷ್ಟರಲ್ಲಿ ಕ್ರೀಡಾಕೂಟದ ಸುತ್ತೋಲೆ ಬಂದಿರುತ್ತದೆ. ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ಒಂದರ ಮೇಲೊಂದು ಮಟ್ಟ, ಅದಕ್ಕೆ ತಕ್ಕ ಸೆಲೆಕ್ಷನ್. ಕಬಡ್ಡಿಯನ್ನೇ ತಗೊಳ್ಳಿ. ತಂಡದಲ್ಲಿ ಹೆಚ್ಚೆಂದರೆ 12 ಜನ, ಅಂಕಣಕ್ಕಿಳಿಯುವವರು 7. ಸೆಲೆಕ್ಷನ್‌ಗೆ 40 ಹುಡುಗರು ಬಂದರೆ 28 ಜನ ವಾಪಸ್ ಹೋಗಲೇಬೇಕು. ಲೆಕ್ಕವೇ ಹಾಗಿದೆ.

ಆ 28 ಜನ ನಮ್ಮಿಂದ ಏನು ಕೇಳಿಸಿಕೊಂಡು ಹೋಗುತ್ತಾರೆ? ನಮ್ಮ ಕಡೆ ಸಾಮಾನ್ಯವಾಗಿ ಮೂರೇ ಮಾತು. "ಮುಂದಿನ ಸಲ ನೋಡೋಣ ಬಿಡೋ." "ಇನ್ನೂ ಚೆನ್ನಾಗಿ ಪ್ರಾಕ್ಟೀಸ್ ಮಾಡು." "ನನ್ನ ಕೈಲಿ ಏನಿದೆಯಪ್ಪಾ, ಮೇಲಿನವರು ಮಾಡಿದ್ದು." ಕೇಳೋಕೆ ಮೂರೂ ಮೆತ್ತಗಿವೆ. ಆದರೆ ಮಾರನೇ ದಿನ ಮೈದಾನಕ್ಕೆ ಬಂದು ಏನು ಮಾಡಬೇಕು ಅನ್ನುವುದು ಈ ಮೂರರಲ್ಲಿ ಯಾವುದರಿಂದಲೂ ಹುಡುಗನಿಗೆ ಗೊತ್ತಾಗುವುದಿಲ್ಲ.

ದಾವಣಗೆರೆಯ ದುಗ್ಗಮ್ಮನ ಜಾತ್ರೆಯಲ್ಲಿ ಕುಸ್ತಿ ನಡೆಯುತ್ತದಲ್ಲ, ಅಲ್ಲಿ ಬೆನ್ನು ಮಣ್ಣಿಗೆ ತಾಗಿದ್ದನ್ನು ಸುತ್ತ ಕೂತ ಜನರೆಲ್ಲ ನೋಡಿರುತ್ತಾರೆ. ಸೋತ ಪೈಲ್ವಾನನಿಗೆ ಯಾರೂ ಕಾರಣ ಬಿಡಿಸಿ ಹೇಳಬೇಕಿಲ್ಲ. ತಂಡದ ಆಟದ ಸೆಲೆಕ್ಷನ್ ಹಾಗಿರುವುದಿಲ್ಲ. ಹುಡುಗ ನಾಲ್ಕು ಪಾಯಿಂಟ್ ತಂದಿರುತ್ತಾನೆ, ಆದರೂ ಹೆಸರಿರುವುದಿಲ್ಲ. ಕಾರಣ ನೋಡಿದವರ ತಲೆಯಲ್ಲಷ್ಟೇ ಇರುತ್ತದೆ. ನಾವು ಹೇಳದೇ ಹೋದರೆ ಅವನೇ ಒಂದು ಕಾರಣ ಕಟ್ಟಿಕೊಳ್ಳುತ್ತಾನೆ. ಜಾತಿ ಅನ್ನಬಹುದು, ದುಡ್ಡು ಅನ್ನಬಹುದು, ಶಿಫಾರಸು ಅನ್ನಬಹುದು. ಇಲ್ಲಾ, "ನಾನು ಯಾವುದಕ್ಕೂ ಲಾಯಕ್ಕಿಲ್ಲ" ಅಂದುಕೊಳ್ಳಬಹುದು. ಹದಿನಾಲ್ಕು ವರ್ಷದ ಹುಡುಗರು ಜಾಸ್ತಿ ನಂಬುವುದು ಈ ಕೊನೆಯದನ್ನೇ.

ಶಾಲೆಯ ಪಿಇ ಮೇಷ್ಟ್ರು, ಸಂಘದ ಕೋಚ್, ಊರಿನ ತಂಡ ಕಟ್ಟುವ ಸೀನಿಯರ್ ಆಟಗಾರ, ಇವರಿಗಾಗಿ ಈ ಬರಹ. ಉದಾಹರಣೆಗಳು ಜಾಸ್ತಿ ಕಬಡ್ಡಿಯವು, ನನಗೆ ಚೆನ್ನಾಗಿ ಗೊತ್ತಿರುವ ಆಟ ಅದು. ಖೊಖೊ, ವಾಲಿಬಾಲ್, ಕ್ರಿಕೆಟ್‌ನವರು ತಮಗೆ ಬೇಕಾದಂತೆ ಹೊಂದಿಸಿಕೊಳ್ಳಿ.

ಹೆಜ್ಜೆ 1: ಸೆಲೆಕ್ಷನ್‌ಗೆ ಮುಂಚೆಯೇ ಪುಸ್ತಕ ತೆರೆಯಿರಿ

ಕಾರಣ ಹೇಳಬೇಕಾದರೆ ಕಾರಣ ನಮ್ಮ ಹತ್ತಿರ ಇರಬೇಕಲ್ವಾ? ಇಡೀ ದಿನ ಬಿಸಿಲಲ್ಲಿ ನಿಂತು 40 ಜನರ ಆಟ ನೋಡಿದ ಮೇಲೆ ಸಂಜೆ ನೆನಪಿರುವುದು ಐದಾರು ಮುಖ ಮಾತ್ರ. ಒಬ್ಬ ತುಂಬ ಚೆನ್ನಾಗಿ ಆಡಿದವನು, ಒಬ್ಬ ತುಂಬ ಕೆಟ್ಟದಾಗಿ ಆಡಿದವನು, ಉಳಿದವರೆಲ್ಲ ಕಲಸಿಹೋಗಿರುತ್ತಾರೆ. ಆಗ ಬಾಯಿಗೆ ಬರುವುದು "ಇನ್ನೂ ಪ್ರಾಕ್ಟೀಸ್ ಬೇಕು" ಅನ್ನುವ ಮಾತೇ.

ಅದಕ್ಕೆ ಎರಡು ಕೆಲಸ ಮಾಡಿ. ಮೊದಲನೆಯದು, ಸೆಲೆಕ್ಷನ್ ಶುರುವಾಗುವ ಮುಂಚೆ ಎಲ್ಲರನ್ನೂ ಕೂರಿಸಿ ಈ ಸಲ ಏನು ಬೇಕು ಅಂತ ಬಾಯಿ ಬಿಟ್ಟು ಹೇಳಿ. "ನಮ್ಮ ಹತ್ತಿರ ರೈಡರ್‌ಗಳು ಸಾಕಷ್ಟಿದ್ದಾರೆ. ಎಡ ಕಾರ್ನರ್‌ಗೂ ಕವರ್‌ಗೂ ಜನ ಬೇಕು. ರೈಡರ್ ಆಗಿ ಬರುವವರಲ್ಲಿ ಇಬ್ಬರಿಗೆ ಮಾತ್ರ ಜಾಗ." (ರೈಡರ್ ಅಂದರೆ ಎದುರಾಳಿ ಅಂಕಣಕ್ಕೆ ನುಗ್ಗಿ ಪಾಯಿಂಟ್ ತರುವವನು. ಕಾರ್ನರ್ ಅಂದರೆ ಹಿಡಿಯುವವರ ಸಾಲಿನ ತುದಿಯಲ್ಲಿ ನಿಲ್ಲುವವನು, ಕವರ್ ಅಂದರೆ ಅವನಿಗಿಂತ ಒಳಗೆ ನಿಂತು ಹಿಡಿಯೋಕೆ ನೆರವಾಗುವವನು.) ಇಷ್ಟು ಹೇಳಿದರೆ ಅರ್ಧ ಗಲಾಟೆ ಅಲ್ಲೇ ಮುಗಿಯುತ್ತದೆ.

ಎರಡನೆಯದು, ಬರೆದಿಡಿ. ಇದಕ್ಕೆ ಲ್ಯಾಪ್‌ಟಾಪ್ ಏನೂ ಬೇಡ, ರೂಲು ಹಾಕಿದ ನೋಟ್‌ಬುಕ್ ಸಾಕು. ರೈಡರ್ ಆದರೆ ಎಷ್ಟು ರೈಡ್ ಹೋದ, ಎಷ್ಟರಲ್ಲಿ ಟಚ್ ಪಾಯಿಂಟ್ ಬಂತು, ಎಷ್ಟು ಬೋನಸ್ (ಬೋನಸ್ ಗೆರೆ ದಾಟಿ ತಂದ ಪಾಯಿಂಟ್), ಎಷ್ಟು ಸಲ ಸಿಕ್ಕಿಬಿದ್ದ, ಎಷ್ಟು ಸಲ ಬರಿಗೈಲಿ ಬಂದ. ಡಿಫೆಂಡರ್ ಆದರೆ ಎಷ್ಟು ಸಲ ಹಿಡಿಯೋಕೆ ಹೋದ, ಎಷ್ಟು ಸಲ ಹಿಡಿದ, ತಪ್ಪಿದ್ದು ಯಾಕೆ. ಈ "ಯಾಕೆ" ಅನ್ನುವ ಕಾಲಂ ಎಲ್ಲಕ್ಕಿಂತ ಮುಖ್ಯ. "ರೈಡರ್ ತಿರುಗುವ ಮುಂಚೆಯೇ ನುಗ್ಗಿದ", "ಆಂಕಲ್ (ಪಾದದ ಗಿಣ್ಣು) ಸಿಕ್ಕಿತ್ತು, ಕವರ್ ಸಪೋರ್ಟ್ ಬರಲಿಲ್ಲ", "ಲಾಬಿಗೆ ಕಾಲಿಟ್ಟ" (ಲಾಬಿ ಅಂದರೆ ಅಂಕಣದ ಪಕ್ಕದ ಪಟ್ಟಿ) ಅಂತ ನಾಲ್ಕು ಪದದ ಟಿಪ್ಪಣಿ ಸಾಕು. ಒಬ್ಬರೇ ಆಟವನ್ನೂ ನೋಡಿ, ಸೀಟಿಯನ್ನೂ ಊದಿ, ಬರೆಯುವುದಕ್ಕೂ ಆಗುವುದಿಲ್ಲ. ಹಳೇ ವಿದ್ಯಾರ್ಥಿ ಯಾರಾದರೂ ಇದ್ದರೆ ಕೂರಿಸಿ, ಖುಷಿಯಿಂದ ಬರುತ್ತಾರೆ.

ಇನ್ನೊಂದು ವಿಷಯ. ಮಣ್ಣಿನಲ್ಲಿ ಬರಿಗಾಲಲ್ಲಿ ಆಡಿ ಬೆಳೆದ ಹುಡುಗನನ್ನು ಏಕಾಏಕಿ ಮ್ಯಾಟ್ ಮೇಲೆ ಶೂ ಹಾಕಿಸಿ ನಿಲ್ಲಿಸಿದರೆ ಅವನ ಆಟದ ಅರ್ಧವೂ ಕಾಣುವುದಿಲ್ಲ. ಜಗಳೂರು ಕಡೆಯ ಹಳ್ಳಿಯಿಂದ ಬಂದವನೂ, ನಗರದಲ್ಲಿ ದಿನವೂ ಮ್ಯಾಟ್ ಮೇಲೆ ಆಡುವವನೂ ಒಂದೇ ಹತ್ತು ನಿಮಿಷದಲ್ಲಿ ತೂಗಿ ನೋಡುವಂಥವರಲ್ಲ. ಆಗುವುದಾದರೆ ಎರಡರಲ್ಲೂ ಆಡಿಸಿ. ಆಗದಿದ್ದರೆ ಟಿಪ್ಪಣಿಯಲ್ಲಿ "ಮ್ಯಾಟ್ ಹೊಸದು" ಅಂತ ಬರೆಯಿರಿ. ಆಮೇಲೆ ಅವನ ಜೊತೆ ಮಾತಾಡುವಾಗ ಆ ಸಾಲು ಬೇಕಾಗುತ್ತದೆ.

ಹೆಜ್ಜೆ 2: ನಿಜವಾದ ಕಾರಣ ಯಾವುದು ಅಂತ ಮೊದಲು ನೀವು ತಿಳಿದುಕೊಳ್ಳಿ

ಪಟ್ಟಿ ಮಾಡಿದ ಮೇಲೆ, ಹುಡುಗರನ್ನು ಕರೆಯುವ ಮುಂಚೆ, ಹೊರಗುಳಿದ ಪ್ರತಿಯೊಬ್ಬರ ಹೆಸರಿನ ಮುಂದೆ ಒಂದೇ ಸಾಲು ಬರೆಯಿರಿ. ಬರೆಯುವಾಗ ಕಾರಣಗಳು ತಾವಾಗೇ ಬೇರೆ ಬೇರೆ ಗುಂಪಿಗೆ ಹೋಗುತ್ತವೆ.

ಕೆಲವು ತಿದ್ದಿಕೊಳ್ಳಬಹುದಾದ ಆಟದ ಕೊರತೆ: ಅವಸರದ ಟ್ಯಾಕಲ್, ಬೋನಸ್‌ಗೆ ಹೋದಾಗ ಹಿಂದಿನ ಕಾಲು ನೆಲದಿಂದ ಏಳದಿರುವುದು, ಒಂದು ರೈಡ್‌ಗೆ ಇರುವ 30 ಸೆಕೆಂಡ್ ಅಂದಾಜಾಗದಿರುವುದು. ಕೆಲವು ಬರೀ ಜಾಗದ ಸಮಸ್ಯೆ: ಹುಡುಗ ಚೆನ್ನಾಗಿಯೇ ಆಡಿದ್ದಾನೆ, ಆದರೆ ಅದೇ ಜಾಗಕ್ಕೆ ಇನ್ನಿಬ್ಬರು ಅವನಿಗಿಂತ ಚೆನ್ನಾಗಿದ್ದಾರೆ. ಕೆಲವು ಮೈಗೆ ಸಂಬಂಧಿಸಿದ್ದು: ವಯಸ್ಸು, ಎತ್ತರ, ತೂಕ. ಇನ್ನು ಕೆಲವು ನಡವಳಿಕೆ: ಪ್ರಾಕ್ಟೀಸ್‌ಗೆ ಬರದಿರುವುದು, ಅಂಪೈರ್ ಜೊತೆ ಜಗಳ.

ಒಂದು ಗುಂಪಿನ ಕಾರಣವನ್ನು ಇನ್ನೊಂದರ ಹೆಸರಲ್ಲಿ ಹೇಳಬಾರದು. ಜಾಗ ಇಲ್ಲದೆ ಹೊರಗುಳಿದ ಹುಡುಗನಿಗೆ "ಪ್ರಾಕ್ಟೀಸ್ ಸಾಲದು" ಅಂದರೆ ಅವನು ಸರಿಯಾಗಿರುವುದನ್ನೇ ಕೆಡಿಸಿಕೊಳ್ಳುತ್ತಾನೆ. ನಡವಳಿಕೆಯಿಂದ ಹೊರಗುಳಿದವನಿಗೆ "ಜಾಗ ಇರಲಿಲ್ಲಪ್ಪ" ಅಂದರೆ ಮುಂದಿನ ವರ್ಷವೂ ಹಾಗೇ ಬರುತ್ತಾನೆ.

ಹೆಜ್ಜೆ 3: ಪಟ್ಟಿ ವಾಟ್ಸಾಪ್‌ಗೆ ಹೋಗುವ ಮುಂಚೆ ಮಾತು ಮುಗಿದಿರಲಿ

ಈಗಿನ ದೊಡ್ಡ ತೊಂದರೆ ಇದು. ಸೆಲೆಕ್ಷನ್ ಮುಗಿದ ಅರ್ಧ ಗಂಟೆಗೆ ಗ್ರೂಪಿಗೆ 12 ಹೆಸರಿನ ಫೋಟೊ ಬೀಳುತ್ತದೆ. ಹುಡುಗ ಬಸ್ಸಿನಲ್ಲಿ ಪಕ್ಕದವನ ಮೊಬೈಲ್ ನೋಡಿ ವಿಷಯ ತಿಳಿದುಕೊಳ್ಳುತ್ತಾನೆ. ಆಮೇಲೆ ನೀವು ಎಷ್ಟು ಚೆನ್ನಾಗಿ ಮಾತಾಡಿದರೂ ಅವನಿಗೆ ಅದು ತೇಪೆ ಹಚ್ಚಿದ ಹಾಗೆಯೇ ಕೇಳುತ್ತದೆ.

ಒಬ್ಬೊಬ್ಬರಿಗೆ ಮೂರರಿಂದ ಐದು ನಿಮಿಷ ಸಾಕು. 28 ಜನ ಅಂದರೆ ಎರಡು ಗಂಟೆ ಆಯಿತು. ಒಂದೇ ದಿನಕ್ಕೆ ಆಗದಿದ್ದರೆ ಪಟ್ಟಿಯನ್ನೇ ಮಾರನೇ ದಿನಕ್ಕೆ ಇಟ್ಟುಕೊಳ್ಳಿ. ದೂರದ ಊರಿನವರನ್ನು ಮೊದಲು ಕರೆಯಿರಿ. ಮಾಯಕೊಂಡಕ್ಕೋ ಜಗಳೂರಿಗೋ ಹೋಗಬೇಕಾದವನು ಬಸ್ ತಪ್ಪಿಸಿಕೊಂಡು ಕತ್ತಲಲ್ಲಿ ಅಳುತ್ತಾ ನಿಲ್ಲುವಂತಾಗಬಾರದು.

ಜಾಗ: ಬೇರೆಯವರ ಕಣ್ಣಿಗೆ ಕಾಣಬೇಕು, ಕಿವಿಗೆ ಕೇಳಬಾರದು. ಮೈದಾನದ ಅಂಚು, ಮರದ ನೆರಳು, ಗ್ಯಾಲರಿಯ ಕೊನೆ ಮೆಟ್ಟಿಲು. ಬಾಗಿಲು ಹಾಕಿದ ಸ್ಪೋರ್ಟ್ಸ್ ರೂಮ್ ಬೇಡವೇ ಬೇಡ. ಹುಡುಗಿಯರ ಜೊತೆ ಮಾತಾಡುವಾಗ ಒಬ್ಬ ಟೀಚರಮ್ಮ ಹತ್ತಿರದಲ್ಲಿರಲಿ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೆಸರು ಕೂಗಿ, ಹೆಸರು ಬಂದವರು ಈ ಕಡೆ, ಉಳಿದವರು ಮನೆಗೆ ಅನ್ನುವ ಪದ್ಧತಿ ಇನ್ನೂ ಕೆಲವು ಕಡೆ ಇದೆ. ಬಿಟ್ಟುಬಿಡಿ ಅದನ್ನು.

ಹೆಜ್ಜೆ 4: ಮಾತಿನ ಕ್ರಮ

ಮೊದಲ ವಾಕ್ಯದಲ್ಲೇ ತೀರ್ಮಾನ ಹೇಳಿ. ನಮಗೆ ಇದೇ ಕಷ್ಟ. ಊಟ ಆಯ್ತಾ, ಅಪ್ಪ ಹೇಗಿದ್ದಾರೆ, ನಿನ್ನ ಆಟ ಭಾರಿ ಇತ್ತು ಕಣೋ ಅಂತ ಸುತ್ತಿ ಬಳಸಿ ಬರುತ್ತೇವೆ. ಹುಡುಗನಿಗೆ ಮುಖ ನೋಡಿದಾಗಲೇ ಗೊತ್ತಾಗಿರುತ್ತದೆ. ನಮ್ಮ ಪೀಠಿಕೆಯ ಒಂದು ಮಾತೂ ಅವನ ತಲೆಗೆ ಹೋಗಿರುವುದಿಲ್ಲ.

"ನೋಡಪ್ಪಾ, ಈ ಸಲದ 12ರಲ್ಲಿ ನಿನ್ನ ಹೆಸರಿಲ್ಲ. ಯಾಕೆ ಅಂತ ಹೇಳೋಕೇ ಕರೆದೆ."

ಇಷ್ಟು ಹೇಳಿ ಸ್ವಲ್ಪ ಹೊತ್ತು ಸುಮ್ಮನಿರಿ. ಅವನು ತಲೆ ತಗ್ಗಿಸಬಹುದು, ಅಳಬಹುದು, "ಸರಿ ಸಾರ್" ಅಂದು ಹೊರಟೇಬಿಡಬಹುದು. ಅಳುವವನಿಗೆ "ಗಂಡಸಾಗಿ ಅಳ್ತೀಯೇನೋ" ಅನ್ನಬೇಡಿ. ನೀರು ಕೊಡಿ, ಕಾಯಿರಿ. ಹೊರಟವನನ್ನು ಬಲವಂತವಾಗಿ ಕೂರಿಸಬೇಡಿ. "ನಾಳೆ ಬೆಳಿಗ್ಗೆ ಬಾ, ನಿನ್ನ ಆಟ ಬರೆದಿಟ್ಟಿದ್ದೀನಿ, ತೋರಿಸ್ತೀನಿ" ಅನ್ನಿ.

ಆಮೇಲೆ ಕಾರಣ. ಒಂದೇ ಕಾರಣ, ಹೆಚ್ಚೆಂದರೆ ಎರಡು. ಕಂಡದ್ದನ್ನು ಹೇಳಿ, ಅವನ ಸ್ವಭಾವದ ಬಗ್ಗೆ ತೀರ್ಪು ಕೊಡಬೇಡಿ. "ನಿನಗೆ ತಾಳ್ಮೆಯೇ ಇಲ್ಲ" ಅಂದರೆ ಮನೆಯಲ್ಲಿ ಅವ್ವನೂ ದಿನಾ ಅದನ್ನೇ ಅನ್ನುತ್ತಿರುತ್ತಾಳೆ, ಏನೂ ನಾಟುವುದಿಲ್ಲ. ಅದರ ಬದಲು ನೋಟ್‌ಬುಕ್ ತೆಗೆದು ಹೀಗೆ ಹೇಳಿ ನೋಡಿ:

"ಒಂಬತ್ತು ಸಲ ಹಿಡಿಯೋಕೆ ಹೋದೆ, ಎರಡು ಸಲ ಸಿಕ್ಕಿತು. ತಪ್ಪಿದ ಏಳರಲ್ಲಿ ಐದು ಸಲ ರೈಡರ್ ಇನ್ನೂ ನಿನ್ನ ಕಡೆ ಮುಖ ಮಾಡಿಕೊಂಡೇ ಇದ್ದ. ಅವನು ವಾಪಸ್ ತಿರುಗೋವರೆಗೂ ನೀನು ಕಾಯಲಿಲ್ಲ. ಕಾರ್ನರ್‌ನಲ್ಲಿ ನಿಂತೋನು ಮೊದಲೇ ಬಿದ್ದುಬಿಟ್ಟರೆ ಪಕ್ಕದ ಕವರ್‌ಗೆ ಬಂದು ಹಿಡಿಯೋಕೆ ಟೈಮೇ ಸಿಗಲ್ಲ."

ಹುಡುಗ ಇದಕ್ಕೆ ವಾದ ಮಾಡಬಹುದು. ಮಾಡಲಿ, ಒಳ್ಳೆಯದೇ. "ಸಾರ್, ಐದಲ್ಲ, ನಾಲ್ಕೇ ಸಲ" ಅಂದರೆ ಅವನು ತನ್ನ ಆಟವನ್ನೇ ಮನಸ್ಸಲ್ಲಿ ಮತ್ತೆ ನೋಡುತ್ತಿದ್ದಾನೆ ಅಂತ ಅರ್ಥ. ಲೆಕ್ಕಕ್ಕೆ ಜಗಳ ಬೇಡ, ತೀರ್ಮಾನ ಮಾತ್ರ ಸಡಿಲ ಮಾಡಬೇಡಿ.

ಚೆನ್ನಾಗಿ ಮಾಡಿದ್ದನ್ನೂ ಹೇಳಬೇಕು, ಆದರೆ ನಿಜವಾಗಿ ಕಂಡಿದ್ದರೆ ಮಾತ್ರ. "ನಿನ್ನ ಆಂಕಲ್ ಹಿಡಿತ ಬಿಗಿ ಇದೆ, ಸಿಕ್ಕ ಎರಡರಲ್ಲೂ ರೈಡರ್ ಅಲ್ಲಾಡಲಿಲ್ಲ" ಅನ್ನುವುದು ನಿಜ. "ಎಲ್ಲಾ ಸೂಪರ್, ಒಂದೇ ಒಂದು ಕಡಿಮೆ" ಅನ್ನುವುದು ಸಾಮಾನ್ಯವಾಗಿ ಸುಳ್ಳು, ಹುಡುಗರಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಕೊನೆಗೆ ಮಾಡಬೇಕಾದ ಒಂದು ಕೆಲಸ ಹೇಳಿ. ಒಂದೇ. "ವಾರಕ್ಕೆ ಮೂರು ದಿನ ಒಬ್ಬ ರೈಡರ್‌ನ ಜೊತೆ ಬಾ. ಅವನು ತಿರುಗೋವರೆಗೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲು, ತಿರುಗಿದ ಮೇಲೆ ಹೋಗು." ಇಂಥದ್ದನ್ನು ಹುಡುಗ ಮನೆ ಹಿಂದಿನ ಹಿತ್ತಲಲ್ಲೂ ಮಾಡಬಲ್ಲ.

ಮಾತು ಮುಗಿಸುವ ಮುಂಚೆ, "ಈಗ ನಾನು ಏನು ಹೇಳಿದೆ, ನೀನೇ ಹೇಳು ನೋಡೋಣ" ಅಂತ ಕೇಳಿ. ಬೇಸರದಲ್ಲಿರುವವನ ಕಿವಿಗೆ ಬೇರೆಯೇ ಏನೋ ಬಿದ್ದಿರುತ್ತದೆ. "ನಾನು ಕಾರ್ನರ್‌ಗೆ ಆಗಲ್ಲ ಅಂದ್ರಿ ಸಾರ್" ಅಂತ ಉತ್ತರ ಬಂದರೆ ಅಲ್ಲೇ ತಿದ್ದಿ.

ಯಾವ ಮಾತು ಬೇಡ?

"ಮುಂದಿನ ವರ್ಷ ನಿನ್ನ ಹೆಸರು ಗ್ಯಾರಂಟಿ" ಅನ್ನುವುದು ಮೊದಲನೆಯದು. ಮುಂದಿನ ವರ್ಷ ಯಾರು ಬರುತ್ತಾರೋ ನಮಗೆ ಗೊತ್ತಿರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಹುಡುಗನ ಹುಟ್ಟಿದ ದಿನಾಂಕ ನೋಡಿ ಬಾಯಿ ಬಿಡಿ. ಶಾಲಾ ಕ್ರೀಡಾಕೂಟಗಳು 14 ವರ್ಷದೊಳಗೆ, 17 ವರ್ಷದೊಳಗೆ ಅಂತ ವಯಸ್ಸಿನ ಮೇಲೆ ನಡೆಯುತ್ತವೆ. ಹತ್ತನೇ ತರಗತಿ ಓದುವವನಿಗೆ ಹೈಸ್ಕೂಲ್ ತಂಡದಲ್ಲಿ ಮುಂದಿನ ವರ್ಷ ಅನ್ನುವುದೇ ಇಲ್ಲ. ಅವನು ಪಿಯುಗೆ ಹೋದರೆ ಅಲ್ಲಿನ ತಂಡ ಬೇರೆ, ಮೇಷ್ಟ್ರು ಬೇರೆ. ಅವನಿಗೆ "ಈ ತಂಡದಲ್ಲಿ ಇದು ಕೊನೇ ಅವಕಾಶ ಆಗಿತ್ತು, ಅದು ನನಗೆ ಗೊತ್ತು" ಅಂತಲೇ ಹೇಳಬೇಕು. ಕಾಲೇಜಿನ ತಂಡ, ದಸರಾ ಕ್ರೀಡಾಕೂಟದ ತಾಲ್ಲೂಕು ಮಟ್ಟ, ಊರಿನ ಸಂಘದ ಟೂರ್ನಮೆಂಟ್ ಇವುಗಳ ಬಗ್ಗೆ ಆಮೇಲೆ ಹೇಳಿ.

ಎರಡನೆಯದು ದೊಡ್ಡವರ ಉದಾಹರಣೆ. ದಾವಣಗೆರೆಯಲ್ಲಿ ಕ್ರಿಕೆಟ್ ಅಂದರೆ ಆರ್. ವಿನಯ್ ಕುಮಾರ್ ಹೆಸರು ಬರದೇ ಇರುವುದಿಲ್ಲ. ಅವರ ನಾಯಕತ್ವದಲ್ಲಿ ಕರ್ನಾಟಕ 2013-14 ಮತ್ತು 2014-15ರಲ್ಲಿ ಸತತ ಎರಡು ಸಲ ರಣಜಿ ಟ್ರೋಫಿ ಗೆದ್ದಿತು. "ವಿನಯ್ ಕುಮಾರ್ ಕೂಡ ಇದೇ ಊರಿಂದ ಹೋಗಿದ್ದಲ್ವೇನೋ" ಅಂದರೆ ಹುಡುಗನಿಗೆ ಆ ಕ್ಷಣಕ್ಕೆ ಖುಷಿ ಆಗಬಹುದು. ಆದರೆ ಅವನ ಬೌಲಿಂಗ್ ಬಗ್ಗೆ ಏನೂ ಹೇಳಿದ ಹಾಗಾಗಲಿಲ್ಲ. ಆ ಹೆಸರು ಬಳಸಲೇಬೇಕಿದ್ದರೆ ಹೀಗೆ ಬಳಸಿ: "ದಾವಣಗೆರೆ ಎಕ್ಸ್‌ಪ್ರೆಸ್ ಅಂತಾರೆ, ಆದರೆ ಅವರು ವಿಕೆಟ್ ತೆಗೆದಿದ್ದು ಜಾಸ್ತಿ ಸ್ವಿಂಗ್‌ನಲ್ಲಿ, ಲೈನ್‌ನಲ್ಲಿ. ನಿನ್ನ ಸ್ಪೀಡ್ ಈ ತಂಡಕ್ಕೆ ಸಾಲದು. ಸ್ವಿಂಗ್ ಕಲಿತರೆ ದಾರಿ ಇದೆ."

ಮೂರನೆಯದು ಹೋಲಿಕೆ. "ಆ ಹುಡುಗನ್ನ ನೋಡಿ ಕಲಿ" ಅನ್ನಬೇಡಿ. ಇಬ್ಬರೂ ಸಂಜೆ ಒಂದೇ ಬಸ್ಸಲ್ಲಿ ಹೋಗುವವರು.

ಹೆಜ್ಜೆ 5: ಮೈ ಬಗ್ಗೆ ಮಾತಾಡುವಾಗ ಹುಷಾರು

ಎತ್ತರದ ಬಗ್ಗೆ ನೇರವಾಗಿ ಹೇಳಬಹುದು. ವಾಲಿಬಾಲ್‌ನಲ್ಲಿ ನೆಟ್ ಮೇಲೆ ಕೈ ಬರದ ಹುಡುಗನಿಗೆ ಸ್ಪೈಕರ್ ಜಾಗ ಸಿಗಲಿಲ್ಲ ಅಂದರೆ ಅವನಿಗೂ ಅರ್ಥವಾಗುತ್ತದೆ. ಲಿಬೆರೊ (ಹಿಂದೆ ನಿಂತು ಚೆಂಡು ತಡೆದು ಎತ್ತುವವನು) ಅಥವಾ ಸೆಟ್ಟರ್ (ಸ್ಪೈಕರ್‌ಗೆ ಹೊಡೆಯೋಕೆ ಚೆಂಡು ಎತ್ತಿಕೊಡುವವನು) ಆಗಬಹುದು ಅಂತ ನಿಮಗೆ ನಿಜವಾಗಿ ಅನಿಸಿದರೆ ಹೇಳಿ. ಹನ್ನೆರಡು ಹದಿಮೂರರಲ್ಲಿ ಇನ್ನೂ ಬೆಳೆಯುವ ವಯಸ್ಸು. "ನೀನು ಕುಳ್ಳ" ಅನ್ನುವುದಕ್ಕೂ "ಈ ವರ್ಷ ನಿನ್ನ ಕೈ ನೆಟ್ ದಾಟಲ್ಲ" ಅನ್ನುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ತೂಕದ ವಿಷಯ ಬೇರೆ. ಕುಸ್ತಿಯಲ್ಲಿ ತೂಕದ ವಿಭಾಗಗಳಿವೆ, ಚಿಕ್ಕವರ ಕಬಡ್ಡಿಯಲ್ಲೂ ತೂಕದ ಮಿತಿ ಇರುತ್ತದೆ. "ಎರಡು ಕೆಜಿ ಇಳಿಸು, ನೋಡೋಣ" ಅಂತ ಎಂದೂ ಹೇಳಬೇಡಿ. ಆ ಹುಡುಗ ಎರಡು ದಿನ ಊಟ ಬಿಡುತ್ತಾನೆ, ನೀರು ಕುಡಿಯುವುದಿಲ್ಲ, ಏಪ್ರಿಲ್ ಬಿಸಿಲಲ್ಲಿ ಜಾಕೆಟ್ ಹಾಕಿಕೊಂಡು ಓಡುತ್ತಾನೆ. ಮೈಯಲ್ಲಿ ನೀರು ಕಡಿಮೆಯಾಗಿ ಬೀಳುವುದು, ಕಿಡ್ನಿಗೆ ಪೆಟ್ಟಾಗುವುದು ಕಟ್ಟುಕಥೆ ಅಲ್ಲ. ಬೆಳೆಯುವ ಮಕ್ಕಳಿಗೆ ತೂಕ ಇಳಿಸುವ ಸಲಹೆ ಕೊಡುವುದು ಡಾಕ್ಟರ ಕೆಲಸ. ನಾವು ಹೇಳಬೇಕಾದದ್ದು ಇಷ್ಟೇ: "ಈ ವಿಭಾಗಕ್ಕೆ ನಿನ್ನ ತೂಕ ಜಾಸ್ತಿ. ಮೇಲಿನ ವಿಭಾಗದಲ್ಲಿ ಈಗ ನಿನಗಿಂತ ಚೆನ್ನಾಗಿ ಆಡೋರು ಇದ್ದಾರೆ." ಹುಡುಗಿಯರಿಗಂತೂ ದಪ್ಪ, ಸಣ್ಣ ಅನ್ನುವ ಪದಗಳನ್ನೇ ಆಡಬೇಡಿ. ನಿಮಗೆ ಬೇಕಿರುವುದು ಓಟ ಅಲ್ವಾ? ಓಟದ ಬಗ್ಗೆ ಮಾತಾಡಿ. "30 ಮೀಟರ್ ಓಟದಲ್ಲಿ ಉಳಿದವರಿಗಿಂತ ಹಿಂದೆ ಬಿದ್ದೆ ತಂಗೀ, ಮೊದಲ ಐದು ಹೆಜ್ಜೆ ನಿಧಾನ ಆಗ್ತಿದೆ" ಅಂದರೆ ಅದನ್ನು ತಿದ್ದಿಕೊಳ್ಳಬಹುದು.

ಹೆಜ್ಜೆ 6: ಕಾರಣ ಆಟದಲ್ಲಿಲ್ಲದಿದ್ದರೆ

ಪ್ರಾಕ್ಟೀಸ್‌ಗೆ ಬರಲಿಲ್ಲ ಅಂತ ಬಿಟ್ಟಿದ್ದರೆ ಹಾಗೇ ಹೇಳಿ. ಆದರೆ ಯಾಕೆ ಬರಲಿಲ್ಲ ಅಂತ ಮೊದಲು ಕೇಳಿ. ಮೆಕ್ಕೆಜೋಳದ ಕಟಾವಿಗೆ ಹೋಗಿದ್ದವನೂ, ಸರ್ಕಲ್‌ನಲ್ಲಿ ಮಂಡಕ್ಕಿ ಮಿರ್ಚಿ ತಿಂದುಕೊಂಡು ನಿಂತಿದ್ದವನೂ ಹಾಜರಿ ಪುಸ್ತಕದಲ್ಲಿ ಒಂದೇ ಥರ ಕಾಣುತ್ತಾರೆ.

ಇನ್ನು ಶಿಫಾರಸು. ಯಾರೋ ಫೋನ್ ಮಾಡಿದರು ಅಂತ ಒಬ್ಬನನ್ನು ಸೇರಿಸಿಕೊಂಡು ಇನ್ನೊಬ್ಬನನ್ನು ಬಿಟ್ಟಿದ್ದರೆ, ಬಿಟ್ಟವನ ಆಟದಲ್ಲಿ ತಪ್ಪು ಹುಡುಕಿ ಹೇಳುವುದು ದೊಡ್ಡ ಅನ್ಯಾಯ. ಅವನು ಆ ಇಲ್ಲದ ತಪ್ಪನ್ನು ತಿದ್ದುತ್ತಾ ಒಂದು ವರ್ಷ ಕಳೆಯುತ್ತಾನೆ. ಇಂಥ ಹೊತ್ತಲ್ಲಿ ಒಳ್ಳೆಯ ಫೀಡ್‌ಬ್ಯಾಕ್ ಅನ್ನುವುದೇ ಇಲ್ಲ. ಪಟ್ಟಿಯನ್ನೇ ತಿದ್ದಬೇಕು. ಬರೆದಿಟ್ಟ ನೋಟ್‌ಬುಕ್ ಇದಕ್ಕೂ ಉಪಯೋಗಕ್ಕೆ ಬರುತ್ತದೆ. ಫೋನ್ ಮಾಡಿದವರಿಗೆ "ಅಣ್ಣಾರೆ, ಲೆಕ್ಕ ಇಲ್ಲಿದೆ, ಬಂದು ನೋಡಿ" ಅನ್ನಬಹುದು. ಹಾಗೆ ಕರೆದರೆ ನೋಡೋಕೆ ಬರುವವರು ಕಡಿಮೆ.

ಹೆಜ್ಜೆ 7: ಮನೆಯವರು

ಎರಡು ಥರದ ಮನೆಯವರು ಸಿಗುತ್ತಾರೆ. ಒಬ್ಬರು ಮೈದಾನಕ್ಕೇ ಬಂದು "ಏನ್ ಸಾರ್, ನಮ್ ಹುಡುಗನ್ನ ಹಿಂಗ್ ಮಾಡಿದ್ರಿ" ಅಂತ ಎಲ್ಲರ ಮುಂದೆ ಕೇಳುವವರು. ಅವರಿಗೆ ಚಹಾ ಕೊಡಿಸಿ, ಹುಡುಗನಿಗೆ ಹೇಳಿದ ಮಾತನ್ನೇ ಹೇಳಿ. ಅವನಿಗೊಂದು, ಅಪ್ಪನಿಗೊಂದು ಹೇಳಿದರೆ ರಾತ್ರಿ ಊಟಕ್ಕೆ ಕೂತಾಗ ಎರಡೂ ಹೊರಗೆ ಬರುತ್ತವೆ. ಬೇರೆ ಹುಡುಗರ ಲೆಕ್ಕ ಮಾತ್ರ ತೋರಿಸಬೇಡಿ.

ಇನ್ನೊಂದು ಥರದವರು ಏನೂ ಕೇಳುವುದಿಲ್ಲ. "ಸಾಕು ಬಿಡು, ಇನ್ನು ಓದ್ಕೋ" ಅಂದು ಶೂಗಳನ್ನು ಅಟ್ಟಕ್ಕೆ ಹಾಕಿಬಿಡುತ್ತಾರೆ. ಹುಡುಗಿಯರ ವಿಷಯದಲ್ಲಿ ಇದು ತುಂಬಾ ಜಾಸ್ತಿ. ಹುಡುಗ ಒಂದು ಸಲ ಸೆಲೆಕ್ಟ್ ಆಗದಿದ್ದರೆ ಅವನಿಗೆ ಬೇಸರ, ಅಷ್ಟೇ. ಹುಡುಗಿ ಆಗದಿದ್ದರೆ ಮನೆಯಲ್ಲಿ ಅದೇ ಆಟ ನಿಲ್ಲಿಸುವುದಕ್ಕೆ ಸಿಕ್ಕ ಕಾರಣ. ಅದಕ್ಕೆ ಹೊರಗುಳಿದ ಹುಡುಗಿಯರ ಮನೆಗೆ ನೀವೇ ಫೋನ್ ಮಾಡುವುದು ಒಳ್ಳೆಯದು. "ಅಕ್ಕಾರೆ, ಈ ಸಲ ತಂಡದಲ್ಲಿಲ್ಲ, ನಿಜ. ಆದರೆ ಬೆಳಿಗ್ಗೆ ಪ್ರಾಕ್ಟೀಸ್‌ಗೆ ಕಳಿಸೋದು ನಿಲ್ಲಿಸಬೇಡಿ. ಟೀಚರಮ್ಮ ಇರ್ತಾರೆ, ಎಂಟೂವರೆಗೆ ಬಿಡ್ತೀವಿ" ಅಂತ ಸಮಯ ಸಹಿತ ಹೇಳಿ. ಅವಳಿಗೆ ಈ ಆಟದಲ್ಲಿ ಮುಂದೆ ದಾರಿ ಇಲ್ಲ ಅಂತ ನಿಮಗೆ ಅನಿಸಿದ್ದರೆ ಮಾತ್ರ ಈ ಫೋನ್ ಮಾಡಬೇಡಿ. ಮೂರು ವರ್ಷ ಓಡಾಡಿಸಿ ಆಮೇಲೆ ಹೇಳುವುದಕ್ಕಿಂತ, ಅಥ್ಲೆಟಿಕ್ಸ್‌ನಲ್ಲೋ ಖೊಖೊದಲ್ಲೋ ಒಂದು ಕೈ ನೋಡು ಅಂತ ಈಗಲೇ ಹೇಳುವುದು ಮೇಲು.

ಹೆಜ್ಜೆ 8: ಮೂರು ವಾರ ಬಿಟ್ಟು ಮತ್ತೆ ನೋಡಿ

ಕೊಟ್ಟ ಕೆಲಸ ಮಾಡುತ್ತಿದ್ದಾನಾ ಅಂತ ಹೋಗಿ ನೋಡಿ. ನೀವು ನೋಡದಿದ್ದರೆ ಅದೂ ಬಾಯಿ ಮಾತಾಗಿ ಹೋಗುತ್ತದೆ. ಮಾಡುತ್ತಿದ್ದರೆ ಅದೇ ಕಾಲಂ ಮತ್ತೆ ತುಂಬಿ: ಮೊದಲು ಒಂಬತ್ತರಲ್ಲಿ ಎರಡು, ಈಗ ಎಷ್ಟು? ಮಾಡದಿದ್ದರೆ ಬೈಯಬೇಡಿ, ಅದೂ ಅವನ ಉತ್ತರವೇ.

ಹೊರಗುಳಿದವರಿಗೆ ಸ್ಕೋರ್ ಬರೆಯುವ, ನೀರು ಕೊಡುವ ಕೆಲಸ ಕೊಟ್ಟು ತಂಡದ ಜೊತೆ ಇಟ್ಟುಕೊಳ್ಳುವ ಅಭ್ಯಾಸ ಕೆಲವರಿಗಿದೆ. ಕೇಳಿ, ಒಪ್ಪಿದರೆ ಮಾತ್ರ ಕೊಡಿ. ಕೆಲವರಿಗೆ ಅದು ಇಷ್ಟ, ಸ್ಕೋರ್ ಬರೆಯುತ್ತಲೇ ಆಟ ಕಲಿತು ಮುಂದೆ ಅಂಪೈರ್ ಆದವರೂ ಇದ್ದಾರೆ. ಕೆಲವರಿಗೆ ದಿನವೂ ಗಾಯ ಕೆರೆದ ಹಾಗೆ.

ಕೊನೆಗೆ ರಿಸರ್ವ್ ವಿಷಯ. ಯಾರಿಗಾದರೂ ಪೆಟ್ಟಾದರೆ ಯಾರನ್ನು ಕರೆಯುತ್ತೀರಿ ಅನ್ನುವುದು ನಿಮ್ಮ ಮನಸ್ಸಲ್ಲಿ ಇದ್ದೇ ಇರುತ್ತದೆ. ಆ ಒಬ್ಬಿಬ್ಬರಿಗೆ ಮಾತ್ರ ಹೇಳಿ, ಎಷ್ಟನೆಯವನು ಅಂತಲೂ ಹೇಳಿ. "ಕಾರ್ನರ್‌ಗೆ ಮೊದಲ ರಿಸರ್ವ್ ನೀನು. ಜಿಲ್ಲಾ ಮಟ್ಟದ ಪಂದ್ಯ ಮುಗಿಯೋವರೆಗೂ ಪ್ರಾಕ್ಟೀಸ್ ಬಿಡಬೇಡ." ಉಳಿದವರಿಗೆ ಸಮಾಧಾನಕ್ಕೆ ಅಂತ "ನೀನೂ ರಿಸರ್ವ್ ಕಣೋ" ಅನ್ನಬೇಡಿ. ಹಾಗೆ ಹೇಳಿಸಿಕೊಂಡವನು ಪಂದ್ಯದ ದಿನ ಬೆಳಿಗ್ಗೆ ಬ್ಯಾಗ್ ಹಿಡಿದು ಜಿಲ್ಲಾ ಕ್ರೀಡಾಂಗಣದ ಗೇಟಿನ ಹತ್ತಿರ ಬಂದು ನಿಂತಿರುತ್ತಾನೆ, ಆಗ ಹೇಳೋಕೆ ನಿಮ್ಮ ಹತ್ತಿರ ಏನೂ ಇರುವುದಿಲ್ಲ.